ನಾಲ್ಕು ಅಂತಸ್ತಿನ ದೀಪಗೊಂಚಲು

ಆಗಸ್ಟ್ ೮, ಗುರುವಾರ

ಡಾಕ್ಟರು ಇವತ್ತು ಸುತ್ತಿ ಬಳಸಿ ಮಾತಾಡಲಿಲ್ಲ. ಎಡಗಣ್ಣು ಹೋಗಿ ವರ್ಷವಾಯಿತು, ಅದರ ಕಥೆ ಮುಗಿದದ್ದೇ. ಈಗ ಬಲಗಣ್ಣಿನೊಳಗೂ ರಕ್ತ ಒಸರುತ್ತಿದೆಯಂತೆ. ಸಕ್ಕರೆ ಕಾಯಿಲೆಯ ಕೆಲಸ. "ಇಂಜೆಕ್ಷನ್ ಕೊಡ್ತಾ ಹೋಗೋಣ ದೋನ್ಯಾ ಇಲಾರಿಯಾ, ಆದ್ರೆ ಜಾಸ್ತಿ ಆಸೆ ಇಟ್ಕೋಬೇಡಿ. ಕ್ರಿಸ್‌ಮಸ್ ತನಕ ಉಳಿದ್ರೆ ಪುಣ್ಯ" ಅಂದರು. "ಯಾರು, ನಾನೋ ಕಣ್ಣೋ?" ಎಂದು ಕೇಳಿದೆ. ಅವರು ನಗಲಿಲ್ಲ.

ಕ್ರಿಸ್‌ಮಸ್ ತನಕ ಉಳಿದರೆ ನನಗೆ ಸಾಕು. ಅಷ್ಟರೊಳಗೆ ನನ್ನ ಹಾಲ್‌ನಲ್ಲಿ ದೀಪ ಹತ್ತಬೇಕು, ಅದನ್ನು ನಾನು ಕಣ್ತುಂಬ ನೋಡಬೇಕು. ಬೆಟ್ಟದ ಮೇಲಿನ ಈ ಎಲ್ ಆಲ್ತೋದ ಗಾಳಿಯಲ್ಲಿ ಕೂತು ಶಾಲು ಮಾರಿ ಮಾರಿ ಎಬ್ಬಿಸಿದ ಐದು ಮಹಡಿ ಅದು. ಎರಡನೇ ಮಹಡಿಯ ಗಾರೆ ಇನ್ನೂ ಹಸಿಯಿದ್ದಾಗಲೇ ನನ್ನ ಗಂಡ ನಿಕಾನೋರ್ ತೀರಿಕೊಂಡ. ಆ ಮಹಡಿಯಲ್ಲೇ ಈಗ ಮದುವೆ ಹಾಲ್. ಕಂಬ, ಕನ್ನಡಿ, ಬಣ್ಣ ಎಲ್ಲ ಮುಗಿದಿದೆ. ಉಳಿದಿರುವುದು ನಡುಮಧ್ಯದ ತೂಗುದೀಪ ಒಂದೇ.

ಕಣ್ಣಿನ ಸಂಗತಿ ಯಾರಿಗೂ ತಿಳಿಯಕೂಡದು. ಸಂತೆಯಲ್ಲಿ ಗೊತ್ತಾದರೆ ಗುಲಾಬಿ ಶಾಲು ಎಂದು ಹೇಳಿ ನೇರಳೆ ತಂದು ಸುರಿದು ಹೋಗುತ್ತಾರೆ. ಬೀದಿಯಲ್ಲಿ ಗೊತ್ತಾದರೆ ಇನ್ನೂ ಕಷ್ಟ, "ಅಯ್ಯೋ ಪಾಪ" ಎಂದು ತಲೆ ಸವರಲು ಬರುತ್ತಾರೆ. ಮಗ ಎದ್ಗರ್ ಲಾರಿ ಮೇಲೆ ಊರೂರು ಸುತ್ತುವುದರಿಂದ ಆಸ್ಪತ್ರೆಗೆ ಸೊಸೆ ಯೊವಾನಾಳನ್ನೇ ಕರೆದುಕೊಂಡು ಹೋಗಬೇಕಾಯಿತು. ಹಾಗಾಗಿ ಆ ತಗ್ಗಿನ ಊರಿನವಳಿಗೆ ಎಲ್ಲ ಗೊತ್ತು, ನನ್ನ ಕರ್ಮ. ಸಾಂತಾ ಕ್ರೂಸ್‌ನ ಬಿಸಿಲಲ್ಲಿ ಬೆಳೆದ ಹೆಣ್ಣು. ಪ್ಯಾಂಟು ಹಾಕಿಕೊಂಡು ಓಡಾಡುತ್ತಾಳೆ, ಬಾಯಿಗೆ ಬಂದದ್ದನ್ನು ಹಾಗೆಯೇ ಆಡುತ್ತಾಳೆ.

ಅಕ್ಷರ ಇನ್ನೂ ಕಾಣುತ್ತಿದೆಯೇ ನೋಡೋಣವೆಂದು ಬರೆಯಲು ಕೂತೆ. ಕಾಣುತ್ತಿದೆ.

ಆಗಸ್ಟ್ ೧೧, ಭಾನುವಾರ

ಸಂತೆ ಮುಗಿಸಿ ಬುಟ್ಟಿ ತುಂಬ ಬ್ರೆಡ್ಡು, ಬಾಳೆಹಣ್ಣು, ಒಂದು ಪೆಟ್ಟಿಗೆ ಬಿಯರ್ ಹೊರಿಸಿಕೊಂಡು ವ್ಯಾಪಾರಿ ದೋನ್ ಗುಮೆರ್ಸಿಂದೊ ಮನೆಗೆ ಹೋದೆ. ದೀಪಕ್ಕೆ ನೀವೇ ಪಾದ್ರಿನೊ ಆಗಬೇಕು, ಧರ್ಮತಂದೆಯಂತೆ ನಿಂತು ಅದನ್ನು ಕೊಡಿಸಬೇಕು ಎಂದು ಕೇಳಿದೆ. ದೊಡ್ಡ ಹಾಲ್ ಕಟ್ಟಿದವರು ನಮ್ಮಲ್ಲಿ ಯಾರೂ ತಮ್ಮ ದೀಪವನ್ನು ತಾವೇ ಕೊಂಡು ತಂದು ತೂಗುಹಾಕುವುದಿಲ್ಲ. ಹಾಗೆ ಮಾಡಿದರೆ, ಹೆಗಲು ಕೊಡಲು ಧರ್ಮದ ನಂಟನೊಬ್ಬ, ಒಬ್ಬ ಕೊಂಪಾದ್ರೆ ಕೂಡ ಗತಿಯಿಲ್ಲದವಳು ಎಂದು ಊರೆಲ್ಲ ಆಡಿಕೊಳ್ಳುತ್ತದೆ.

ಆತ ಕುರ್ಚಿಯಿಂದ ಎದ್ದು ನಿಂತೇ ಒಪ್ಪಿಕೊಂಡ, ಧರ್ಮದ ನಂಟಿಯೆಂದು ಆಗಲೇ ಕೊಮಾದ್ರೆ ಎಂದೂ ಕರೆದ. "ನಿಮ್ಗೆ ಯಾವ್ದು ಬೇಕೋ ತೋರ್ಸಿ ಕೊಮಾದ್ರೆ. ಚೀನಾದಿಂದಾನೇ ತರಿಸ್ತೀನಿ. ಇಕೀಕೆ ಬಂದರಲ್ಲಿ ನಮ್ ಹುಡುಗ್ರಿದಾರೆ."

ಅವನ ಹೆಂಡತಿ ದೋನ್ಯಾ ನಿಯೆವೆಸ್ ಮೂಗು ಮುರಿದಳು. "ಇವರ ಮಾತು ಕೇಳ್ಬೇಡಿ, ಮೊಮ್ಮಗಳ ಹುಟ್ಟುಹಬ್ಬಕ್ಕೆ ಒಂದು ಬಲೂನು ತರೋಕ್ ಹೋಗಿ ಸಂಜೆಗೆ ಬರಿಗೈಲಿ ಬಂದ ಗಂಡಸು ಇವರು."

ಎಲ್ಲರೂ ನಕ್ಕೆವು. ಖುಷಿಯಾಗಿದೆ. ನಾಲ್ಕು ತಿಂಗಳು ಕಣ್ಣು ತಡೆದರೆ ಸಾಕು.

ಆಗಸ್ಟ್ ೧೭, ಶನಿವಾರ

ತೂಗುತಂತಿಯ ಗಾಡಿಯಲ್ಲಿ ಸೊಸೆಯ ಜೊತೆ ಕೆಳಗೆ ಲಾ ಪಾಸ್‌ಗೆ ಇಳಿದು ದೀಪದ ಅಂಗಡಿಗಳನ್ನೆಲ್ಲ ಸುತ್ತಿದೆವು. ಛಾವಣಿ ತುಂಬ ಗಾಜು. ಹಳದಿ ಹನಿಗಳು, ಚಿನ್ನದ ಬಳ್ಳಿಗಳು, ಹಂಸದ ಕೊರಳಿನ ತೋಳುಗಳು, ಒಂದಂತೂ ಪೂರಾ ಕೆಂಪು. ಬಲಗಣ್ಣಿನಲ್ಲಿ ಕಪ್ಪು ದಾರದ ಎಳೆಗಳು ತೇಲುತ್ತವೆ, ಆದರೂ ಎಲ್ಲವನ್ನೂ ನೋಡಿದೆ. ಇನ್ನೊಮ್ಮೆ ನೋಡಿದೆ.

ನನ್ನ ಹಾಲ್‌ನ ಗೋಡೆ ಕಿತ್ತಳೆ, ಕಂಬಗಳು ಗಿಳಿಹಸಿರು, ಛಾವಣಿಯಲ್ಲಿ ನೇರಳೆ ಅಂಚಿನ ದೊಡ್ಡ ಸೂರ್ಯ, ಸೂರ್ಯನ ಸುತ್ತ ಕನ್ನಡಿ ಚೂರು. ಆ ಸೂರ್ಯನ ಹೊಕ್ಕುಳಿನಿಂದ ದೀಪ ಇಳಿಯಬೇಕು. ಯೊವಾನಾ ಒಂದು ಜೇನುಬಣ್ಣದ ಸಣ್ಣ ಗೊಂಚಲಿನ ಕೆಳಗೆ ನಿಂತುಬಿಟ್ಟಳು.

"ಅತ್ತೆ, ಇದೇ ಸರಿ. ನಿಮ್ ಹಾಲ್ ಮೊದ್ಲೇ ಗಂಟಲು ಹರ್ಕೊಂಡು ಕಿರುಚ್ತಿದೆ, ದೀಪಾನಾದ್ರೂ ಸುಮ್ನಿರ್ಲಿ."

"ಕಿರುಚ್ತಿದೆಯಾ? ನಿಮ್ಮೂರಲ್ಲಿ ತಾಳೆಗರಿ ಕೆಳಗೆ ಒಂದು ಬಲ್ಬು ತೂಗಾಕ್ಕೊಂಡು ಮದುವೆ ಮಾಡ್ತೀರಿ, ನಿಂಗೇನ್ ಗೊತ್ತು?"

"ಬಲ್ಬಿನ ಕೆಳಗೆ ಮದುವೆಯಾದ್ರೂ ಊಟ ಕಾಣತ್ತೆ. ನಿಮ್ ಹಾಲಲ್ಲಿ ಮದುಮಗಳೇ ಕಾಣಲ್ಲ."

ಅಂಗಡಿಯವನು ನಗು ನುಂಗಿಕೊಂಡ. ನನಗೆ ಮೈಯೆಲ್ಲ ಉರಿಯಿತು. ನಮ್ಮ ಬೀದಿಯ ಪಾಸ್ಕ್ವಾಲಾಳ ಹಾಲ್‌ನಲ್ಲಿರುವುದು ಮೂರು ಅಂತಸ್ತಿನದು. ನನ್ನದು ನಾಲ್ಕು ಅಂತಸ್ತಿನದಾಗಬೇಕು. ಅಂಗಡಿಯವನ ಮಾದರಿ ಪುಸ್ತಕದ ಹಾಳೆ ಮಗುಚುತ್ತ ಹೋದೆ, ಕೊನೆಗೆ ಸಿಕ್ಕಿತು: ನಾಲ್ಕು ಅಂತಸ್ತು, ಕೆಳಗೆ ಗಾಜಿನ ಮಣಿಗಳ ಜಲಪಾತ, ನೀಲಿ ಬಿಳಿ ಬೆಳಕು. ಅಂಗಡಿಯಲ್ಲಿಲ್ಲ, ತರಿಸಬೇಕು. ಬೆರಳಿಟ್ಟು ತೋರಿಸಿದೆ. ದಾರಿಯುದ್ದಕ್ಕೂ ಆ ಹೆಣ್ಣಿನ ಜೊತೆ ಮಾತಾಡಲಿಲ್ಲ.

ಸೆಪ್ಟೆಂಬರ್ ೫, ಗುರುವಾರ

ಬಣ್ಣದ ಎಲಿಯಾಸ್ ನನಗೆ ಮೋಸ ಮಾಡಿದ್ದಾನೆ. ಹಾಲ್‌ಗೆ ಹೋಗಿ ನೋಡಿದರೆ ಕಿತ್ತಳೆ ಗೋಡೆ ಕೊಳೆತ ಕುಂಬಳದ ಬಣ್ಣಕ್ಕೆ ತಿರುಗಿದೆ. ಅಗ್ಗದ ಬಣ್ಣ ಬಳಿದು ಹೋಗಿದ್ದಾನೆ. ಕರೆಸಿ ಹೆಂಗಸರ ಮುಂದೆಯೇ ಉಗಿದೆ. ಅವನು ಟೋಪಿ ಕೈಯಲ್ಲಿ ಹಿಡಿದು, "ಅದೇ ಬಣ್ಣ ದೋನ್ಯಾ, ದೇವರಾಣೆ ಅದೇ ಡಬ್ಬಿ" ಎನ್ನುತ್ತ ನಿಂತ.

ಅವನು ಹೋದಮೇಲೆ ಯೊವಾನಾ ಅಂದಳು: "ಬಣ್ಣ ಸರಿಯಾಗೇ ಇದೆ ಅತ್ತೆ. ಕೆಟ್ಟಿರೋದು ನಿಮ್ ಕಣ್ಣು. ಅವನ್ಗೆ ಹೋಗಿ ಕ್ಷಮೆ ಕೇಳಿ."

ಎಂಥ ನಾಲಿಗೆ! ಮಲಗುವ ಕೋಣೆಗೆ ಹೋಗಿ ಬಾಗಿಲು ಬಡಿದುಕೊಂಡೆ. ಎದ್ಗರ್‌ಗೆ ಇಡೀ ಎಲ್ ಆಲ್ತೋದಲ್ಲಿ ಒಂದು ಹೆಣ್ಣು ಸಿಗಲಿಲ್ಲವೇ?

ಎಲಿಯಾಸ್‌ಗೆ ಒಂದು ಮೂಟೆ ಒಣ ಆಲೂಗಡ್ಡೆ ಕಳಿಸಿದ್ದೇನೆ. ಹಬ್ಬಕ್ಕೆ ಎಂದು ಹೇಳಿ ಕಳಿಸಿದೆ, ಕ್ಷಮೆಗೆ ಅಲ್ಲ.

ಸೆಪ್ಟೆಂಬರ್ ೨೭, ಶುಕ್ರವಾರ

ಹಡಗು ಬಂತು! ದೀಪ ಇಕೀಕೆಯಲ್ಲಿ ಇಳಿದಿದೆ. ದೋನ್ ಗುಮೆರ್ಸಿಂದೊ ತಾನೇ ಬಂದು ಹೇಳಿದ. ಇನ್ನು ಬೆಟ್ಟ ಹತ್ತಿ ಬರುವುದೊಂದೇ ಬಾಕಿ. ಇಂಜೆಕ್ಷನ್ ಕೊಟ್ಟ ಜಾಗ ನೋಯುತ್ತಿದೆ, ನೋಯಲಿ ಬಿಡು.

ಇವತ್ತು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಹೀಗೆ ಬರೆದರೆ ಕೈಗೂ ಆರಾಮ.

ಅಕ್ಟೋಬರ್ ೧೫, ಮಂಗಳವಾರ

ರಸ್ತೆ ಬಂದ್. ಒರೂರೊ ದಾರಿಯಲ್ಲಿ ಕಲ್ಲು, ಮಣ್ಣು, ಉರಿಯುವ ಟೈರು. ಯಾರ ಜಗಳವೋ, ಯಾವ ಬೇಡಿಕೆಯೋ. ಲಾರಿಗಳು ಸಾಲುಗಟ್ಟಿ ನಿಂತಿವೆ, ಎದ್ಗರ್‌ನ ಲಾರಿಯೂ ಅಲ್ಲೇ ಎಲ್ಲೋ ಸಿಕ್ಕಿಕೊಂಡಿದೆ. ನನ್ನ ದೀಪ ಇನ್ನೂ ಬಂದರಿನಿಂದ ಹೊರಟೇ ಇಲ್ಲ. ಎರಡು ದಿನದಲ್ಲಿ ತೆಗೀತಾರೆ ಎಂದು ರೇಡಿಯೋದವನು ಹೇಳುತ್ತಾನೆ. ನಿನ್ನೆಯೂ ಅದನ್ನೇ ಹೇಳಿದ್ದ.

ಅಕ್ಟೋಬರ್ ೨೦, ಭಾನುವಾರ

ಸಂತೆಯಲ್ಲಿ ಒಬ್ಬಳಿಗೆ ಬೂದು ಶಾಲನ್ನು ತಿಳಿನೀಲಿ ಎಂದು ಮಾರಿಬಿಟ್ಟೆ. ಅವಳು ಹಿಂದೆ ಬಂದು ಕೂಗಾಡಿದಳು. ಯೊವಾನಾ ಮುಂದೆ ನಿಂತು, "ನಂದೇ ತಪ್ಪು, ನಾನೇ ತೆಗ್ದ್ ಕೊಟ್ಟಿದ್ದು" ಎಂದು ಬದಲಾಯಿಸಿ ಕಳಿಸಿದಳು. ಇನ್ನು ಮೇಲೆ ಬಣ್ಣದ ಮಾತು ಬಂದರೆ ಅವಳೇ ನೋಡಿಕೊಳ್ಳಲಿ. ಉಣ್ಣೆಯನ್ನು ಮುಟ್ಟಿ ಹೇಳುವುದರಲ್ಲಿ ಮಾತ್ರ ನನ್ನನ್ನು ಯಾರೂ ಮೀರಿಸಲಾರರು.

ಮನೆಗೆ ಬಂದು ಇಬ್ಬರೂ ಸೂಪು ಕುಡಿಯುತ್ತಿದ್ದಾಗ ಅವಳು ಚಮಚ ಕೆಳಗಿಟ್ಟಳು.

"ಅತ್ತೆ, ನಾಳೆ ಅಂಗಡಿಗ್ ಹೋಗಿ ಇರೋದ್ರಲ್ಲಿ ಒಂದು ತಂದು ಕಟ್ಟಿಸೋಣ. ನಾಳೆಯೇ ಹತ್ಸೋಣ. ನೀವ್ ನೋಡ್ಬಿಡಿ. ಚೀನಾದ್ದು ಬಂದಾಗ ಬರ್ಲಿ."

"ಪಾದ್ರಿನೊ ಇರೋವಾಗ ನಾನೇ ಕೊಂಡು ಕಟ್ಟೋದಾ? ದೋನ್ ಗುಮೆರ್ಸಿಂದೊ ಮುಖಕ್ಕೆ ಉಗಿದ ಹಾಗೆ ಅದು. ಆಮೇಲೆ ಈ ಬೀದೀಲಿ ನಮ್ಮನೆ ಸಾವಿಗೂ ಯಾರೂ ಬರಲ್ಲ."

"ಹಾಗಾದ್ರೆ ಅವರಿಗೆ ನಿಜ ಹೇಳಿ. ಕಣ್ಣು ಹೋಗ್ತಿದೆ, ಕಾಯಕ್ಕಾಗಲ್ಲ ಅಂತ. ಅವರೇ ಅಂಗಡಿಗೆ ಓಡಿಹೋಗಿ ತರ್ತಾರೆ."

"ಸತ್ರೂ ಹೇಳಲ್ಲ."

"ನಿಮ್ ಸೊಕ್ಕೇ ನಿಮ್ ಕಣ್ಣು ತಿಂತಿರೋದು, ಸಕ್ಕರೆ ಅಲ್ಲ" ಎಂದಳು.

ಬಟ್ಟಲು ಎತ್ತಿ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಅವಳು ಹೇಳಿದ್ದು ನಿಜ ಎಂದು ಹೊಟ್ಟೆಗೆ ಗೊತ್ತು, ಬಾಯಿ ಮಾತ್ರ ಒಪ್ಪುವುದಿಲ್ಲ.

ಅಕ್ಟೋಬರ್ ೨೮, ಸೋಮವಾರ

ರಸ್ತೆ ಬಂದ್. ಎದ್ಗರ್ ಹೇಗೋ ಸುತ್ತುದಾರಿಯಲ್ಲಿ ಬಂದ, ಮುಖ ನೋಡಲು ಹತ್ತಿರ ಕರೆದೆ. ಗಡ್ಡ ಬಿಟ್ಟಿದ್ದಾನೆ ಎಂದು ಕೈಗೆ ತಿಳಿಯಿತು.

ನವೆಂಬರ್ ೨, ಶನಿವಾರ

ಸತ್ತವರ ಹಬ್ಬದ ಮೇಜು ಹಾಸಿದೆವು. ಕಬ್ಬಿನ ಜಲ್ಲೆ, ಈರುಳ್ಳಿ ಹೂ, ನಿಕಾನೋರ್‌ಗೆ ಇಷ್ಟವಾದ ಹಂದಿ ಸಾರು, ಮನುಷ್ಯನ ಮುಖ ಅಂಟಿಸಿದ ಬ್ರೆಡ್ಡುಗಳು. ನಾನು ಒಂದು ಬ್ರೆಡ್ಡು ಎತ್ತಿ ನಿಕಾನೋರ್‌ನ ಪಟದ ಮುಂದೆ ಇಟ್ಟೆ.

"ಅತ್ತೆ, ಅದು ಹೆಂಗಸಿನ ಮುಖದ್ದು" ಎಂದು ಯೊವಾನಾ ಮೆಲ್ಲಗೆ ಹೇಳಿದಳು.

"ಇರ್ಲಿ ಬಿಡೇ, ಆ ಗಂಡಸಿಗೆ ಅದೇ ಇಷ್ಟ" ಎಂದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಗುತ್ತ ನಗುತ್ತ ನನಗೆ ಅಳು ಬಂತು. ವರ್ಷಕ್ಕೊಮ್ಮೆ ಅವನ ಆತ್ಮ ಬರುವ ಹೊತ್ತಿನಲ್ಲಿ ಹಾಲ್‌ನಲ್ಲಿ ದೀಪ ಉರಿಯುತ್ತಿರಬೇಕಿತ್ತು. ನೋಡು, ಮುಗಿಸಿದೆ ಎಂದು ತೋರಿಸಬೇಕಿತ್ತು. ಮುಂದಿನ ವರ್ಷ ಅವನು ಬಂದಾಗ ದೀಪ ಇರುತ್ತದೆ. ತೋರಿಸಬೇಕಾದ ನನಗೇ ಅದು ಕಾಣುವುದಿಲ್ಲ.

ನವೆಂಬರ್ ೧೪, ಗುರುವಾರ

ಪೆಟ್ಟಿಗೆಗಳು ಬಂದವು. ರಸ್ತೆ ತೆಗೆದು ವಾರವಾದಮೇಲೆ ಬಂದವು. ಕರೆಂಟಿನ ಗ್ರೋವರ್ ಏಣಿ ಹಾಕಿ ಮಣಿಗಳನ್ನು ಪೋಣಿಸುತ್ತಿದ್ದಾನೆ. ಅವನು ಒಂದೊಂದೇ ಎತ್ತಿಕೊಂಡಾಗ ಚಿಣ್ ಚಿಣ್ ಎನ್ನುತ್ತವೆ. ಒಂದನ್ನು ಕೈಗೆ ತೆಗೆದುಕೊಂಡೆ. ತಣ್ಣಗಿತ್ತು, ಎಂಟು ಮೂಲೆಯಿತ್ತು, ತುದಿ ಚೂಪಾಗಿತ್ತು. ಕಿಟಕಿಗೆ ಹಿಡಿದರೆ ಹೊಗೆಯ ಹಿಂದೆ ಏನೋ ಒಂದು ಬೆಳ್ಳಗೆ.

ಚಲ್ಯ ಪೂಜೆ ಯಾವತ್ತು ಎಂದು ಕೇಳಲು ದೋನ್ಯಾ ನಿಯೆವೆಸ್ ಹತ್ತಿರ ಹೋದೆ. ಭೂತಾಯಿಗೆ ಸಾರಾಯಿ ಚಿಮುಕಿಸಿ, ಮೂಲೆಮೂಲೆಗೆ ಹೂ ಎರಚದೆ ಹೊಸ ದೀಪ ಹತ್ತಿಸುವಂತಿಲ್ಲ. ಹತ್ತಿಸಿದರೆ ಮನೆ ಒಂದು ತಲೆ, ಮನೆಯವರದ್ದೇ ಒಂದು ಜೀವ ಕೇಳುತ್ತದೆ.

"ಡಿಸೆಂಬರ್ ಮೊದಲ್ನೇ ಶುಕ್ರವಾರ ಮಾಡೋಣ" ಎಂದಳು.

"ಈ ವಾರವೇ ಮಾಡಿದ್ರೆ?"

"ಏನ್ ಅವಸರ ಕೊಮಾದ್ರೆ? ದೀಪ ಎಲ್ಲಿಗ್ ಓಡೋಗತ್ತೆ? ನಂಟರೆಲ್ಲ ಬರ್ಬೇಡ್ವಾ, ಬ್ಯಾಂಡ್ ಸಿಗ್ಬೇಡ್ವಾ? ನನ್ನ ಹೊಸ ಲಂಗ ಇನ್ನೂ ದರ್ಜಿ ಹತ್ರ ಇದೆ!"

ಅವಳ ಲಂಗ ಹೊಲಿದು ಮುಗಿಯುವ ತನಕ ನನ್ನ ಕಣ್ಣು ಕಾಯಬೇಕು. ಹೇಳಿಬಿಡೋಣ ಎಂದು ಬಾಯಿ ತೆರೆದೆ. "ಸರಿ ಕೊಮಾದ್ರೆ" ಎಂದು ಎದ್ದು ಬಂದೆ.

ನವೆಂಬರ್ ೧೯, ಮಂಗಳವಾರ

ಮಧ್ಯಾಹ್ನ ಯಾರೂ ಇಲ್ಲದಾಗ ಗೋಡೆ ಹಿಡಿದುಕೊಂಡು ಹಾಲ್‌ಗೆ ಹತ್ತಿದೆ. ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತೆ. ಒತ್ತಿದರೆ ಮುಗಿಯಿತು, ಹೊಗೆಯ ಹಿಂದಾದರೂ ಕಾಣುತ್ತದೆ. ಯಾರಿಗೆ ತಿಳಿಯುತ್ತದೆ? ಆದರೆ ಎದ್ಗರ್ ಲಾರಿಯ ಮೇಲಿದ್ದಾನೆ, ಯೊವಾನಾಗೆ ಎರಡು ತಿಂಗಳಿಂದ ಮುಟ್ಟು ನಿಂತಿದೆ. ಮನೆ ತಲೆ ಕೇಳಿದರೆ ಯಾರದ್ದನ್ನು ಕೇಳೀತು?

ಒತ್ತಲಿಲ್ಲ. ಕೆಳಗೆ ಬಂದಾಗ ಹುಡುಗಿ ಮೆಟ್ಟಿಲಲ್ಲೇ ಕೂತಿದ್ದಳು, ನನ್ನ ಹಿಂದೆಯೇ ಬಂದಿದ್ದಳಂತೆ. "ಒತ್ಬೇಕಿತ್ತು ಅತ್ತೆ. ನಾನು ಯಾರಿಗೂ ಹೇಳ್ತಿರ್ಲಿಲ್ಲ" ಎಂದಳು.

ನವೆಂಬರ್ ೨೬, ಮಂಗಳವಾರ

ಎದ್ದೆ. ಕಿಟಕಿಗೂ ಗೋಡೆಗೂ ವ್ಯತ್ಯಾಸವಿಲ್ಲ.

ನವೆಂಬರ್ ೩೦, ಶನಿವಾರ

ಯೊವಾನಾ ಬೂಟಿನ ಡಬ್ಬಿಯ ರಟ್ಟಿನಲ್ಲಿ ಉದ್ದುದ್ದ ಸೀಳು ಕೊಯ್ದು ಕೊಟ್ಟಿದ್ದಾಳೆ. ಹಾಳೆಯ ಮೇಲಿಟ್ಟು ಸೀಳಿನೊಳಗೆ ಬರೆದರೆ ಸಾಲು ಸೊಟ್ಟಗಾಗುವುದಿಲ್ಲ. ಬರೆದು ಏನು ಪ್ರಯೋಜನ ಎಂದು ಕೇಳಿದೆ. "ಬಯ್ಯೋದಕ್ಕೆ ಒಂದು ಜಾಗ ಬೇಕಲ್ವಾ ನಿಮ್ಗೆ" ಎಂದಳು.

ಸಾಯಬೇಕೆನಿಸುತ್ತದೆ. ಮುಚ್ಚುಮರೆಯೇಕೆ, ದಿನಾ ಬೆಳಿಗ್ಗೆ ಅನಿಸುತ್ತದೆ. ಹೋದದ್ದು ಹೋಯಿತು ಎಂದರು ಡಾಕ್ಟರು. ಇನ್ನು ಹತ್ತು ವರ್ಷವೋ ಇಪ್ಪತ್ತು ವರ್ಷವೋ ಹೀಗೆ ಕೂತಿರಬೇಕು, ಅಡುಗೆಮನೆಯಲ್ಲಿ ಎಣ್ಣೆ ಸಿಡಿಯುವುದನ್ನು ಕೇಳಿಕೊಂಡು, ಹೊರಗೆ ತಗಡು ಗಾಳಿಗೆ ಬಡಿಯುವುದನ್ನು ಕೇಳಿಕೊಂಡು. ಶುಕ್ರವಾರ ಬರದಿದ್ದರೆ ಚೆನ್ನ.

ಹುಡುಗಿ ಎರಡು ಜಡೆ ಹೆಣೆದುಕೊಟ್ಟಳು. ಅವಳ ಬೆರಳು ಬೆಚ್ಚಗಿರುತ್ತವೆ. ಮಧ್ಯಾಹ್ನ ಇಬ್ಬರೂ ಹಾಲ್‌ನಲ್ಲಿ ನಡೆದು ನಡೆದು ರೂಢಿ ಮಾಡಿಕೊಂಡೆವು. ಬಾಗಿಲಿಂದ ಮೊದಲ ಕಂಬ, ಕಂಬದಿಂದ ವೇದಿಕೆ, ವೇದಿಕೆಯಿಂದ ಸ್ವಿಚ್ಚು. ಯಾರ ಮುಂದೆಯೂ ಎಡವಬಾರದು. ಅವಳು ಮೊಣಕೈ ಹಿಡಿದು, ಜನ ನೋಡಿದರೆ ಸೊಸೆ ಅತ್ತೆಗೆ ಜೋತುಬಿದ್ದಿದ್ದಾಳೆ ಅಂದುಕೊಳ್ಳಬೇಕು, ಹಾಗೆ ನಡೆಯುತ್ತಾಳೆ. ನನ್ನ ಮಗ ಒಂದು ವಿಷಯದಲ್ಲಾದರೂ ಬುದ್ಧಿವಂತ.

ಡಿಸೆಂಬರ್ ೭, ಶನಿವಾರ

ನಿನ್ನೆ ನಡೆದದ್ದನ್ನು ಬರೆಯುತ್ತೇನೆ.

ಬ್ಯಾಂಡಿನವರು ಬಂದಿದ್ದರು. ಹಿತ್ತಾಳೆ ತುತ್ತೂರಿ ಎದೆಯ ಮೇಲೆ ಬಡಿದ ಹಾಗೆ ಕೇಳುತ್ತಿತ್ತು. ನಾನು ಹೊಸ ಟೋಪಿ, ನಾನೇ ಮುಟ್ಟಿ ಆರಿಸಿದ ವಿಕೂನ್ಯಾ ಉಣ್ಣೆಯ ಶಾಲು ಹಾಕಿಕೊಂಡಿದ್ದೆ. ಯಾರು ಬಂದರೂ ಯೊವಾನಾ ನನಗಿಂತ ಮೊದಲೇ ಹೆಸರು ಕೂಗಿ ಮಾತಾಡಿಸುತ್ತಿದ್ದಳು, ನಾನು ಹಿಂದಿನಿಂದ ಅದೇ ಹೆಸರು ಹಿಡಿದು ಅಪ್ಪಿಕೊಳ್ಳುತ್ತಿದ್ದೆ. ಪಾಸ್ಕ್ವಾಲಾಳನ್ನೂ ಅಪ್ಪಿಕೊಂಡೆ. "ನಾಲ್ಕು ಅಂತಸ್ತಂತೆ! ಛಾವಣಿ ತಡ್ಕೊಳ್ಳತ್ತೇನ್ರೀ?" ಎಂದಳು. "ನಿಮ್ದು ಮೂರು ತಡ್ಕೊಂಡಿಲ್ವಾ, ಅದೂ ಆ ಗೋಡೆ ಇಟ್ಕೊಂಡು" ಎಂದೆ. ಒಬ್ಬರಿಗೂ ಅನುಮಾನ ಬರಲಿಲ್ಲ.

ಕಿಟಕಿಗಳಿಗೆ ಪರದೆ ಎಳೆದರು. ದೋನ್ ಗುಮೆರ್ಸಿಂದೊ ಮೂಲೆಮೂಲೆಗೆ ಸಾರಾಯಿ ಚಿಮುಕಿಸಿದ, ಹೂವಿನ ಎಸಳು ನನ್ನ ಕೆನ್ನೆಗೂ ಬಿತ್ತು. "ಕೊಮಾದ್ರೆ, ನಿಮ್ ಕೈಯಾರೆ" ಎಂದ. ಯೊವಾನಾ ನನ್ನನ್ನು ಸ್ವಿಚ್ಚಿನ ತನಕ ನಡೆಸಿದಳು. ಬ್ಯಾಂಡ್ ನಿಂತಿತು. ಒತ್ತಿದೆ.

ಸದ್ದಿಲ್ಲ. ಒಂದು ಉಸಿರೂ ಇಲ್ಲ. ನಾನು ಕಾದೆ. ಇನ್ನೂ ಸದ್ದಿಲ್ಲ. ಇಷ್ಟು ಜನರ ಮುಂದೆ ಆ ದರಿದ್ರ ಗ್ರೋವರ್ ನನ್ನ ಮಾನ ಕಳೆದ ಎಂದು ತಲೆ ಕೆಟ್ಟುಹೋಯಿತು.

"ಏ ಗ್ರೋವರ್! ಕರೆಂಟೇ ಇಲ್ವಲ್ಲೋ! ಏನ್ ಕತ್ತೆ ಕಾಯ್ತಿದ್ಯಾ?" ಎಂದು ಕೂಗಿದೆ.

ಆಗಲೂ ಯಾರೂ ಮಾತಾಡಲಿಲ್ಲ. ನಗು ಕೂಡ ಇಲ್ಲ. ಆ ನಿಶ್ಶಬ್ದ ಏನೆಂದು ಆಮೇಲೆ ಅರ್ಥವಾಯಿತು. ದೀಪ ಹತ್ತಿತ್ತು. ಎಲ್ಲರೂ ಬಾಯಿ ತೆರೆದು ನಿಂತಿದ್ದದ್ದು ಅದನ್ನು ನೋಡಿ. ಈಗ ನನ್ನನ್ನು ನೋಡುತ್ತಿದ್ದರು. ಜೀವನದಲ್ಲಿ ಅಂಥ ನಾಚಿಕೆ ನನಗೆ ಆಗಿರಲಿಲ್ಲ.

ಅಷ್ಟರಲ್ಲಿ ನನ್ನ ಬೆರಳಿನ ಮೇಲೆ ಯೊವಾನಾಳ ಬೆರಳು ಬಂತು. ಟಪ್ ಎಂದು ಸ್ವಿಚ್ಚು ಒತ್ತಿ ದೀಪ ಆರಿಸಿದಳು. ಹಾಲ್ ತುಂಬ "ಓಓ" ಎಂಬ ಕೂಗು.

"ಅತ್ತೆ ಹೇಳಿದ್ದು ಸರೀನೇ!" ಎಂದು ಗಂಟಲು ಹರಿಯುವ ಹಾಗೆ ಕಿರುಚಿದಳು. "ನಾಲ್ಕನೇ ಅಂತಸ್ತು ಹತ್ತೇ ಇರ್ಲಿಲ್ಲ! ನೋಡಿದ್ರಾ ಇವರ ಕಣ್ಣು, ನಮಗ್ಯಾರಿಗೂ ಕಾಣ್ಲೇ ಇಲ್ಲ! ಗ್ರೋವರ್, ಮೇಲಿಂದು ಸರಿ ಮಾಡು!"

ಗ್ರೋವರ್ ಕೆಮ್ಮಿದ. ಆಮೇಲೆ "ತಪ್ಪಾಯ್ತು ದೋನ್ಯಾ, ಒಂದ್ ತಂತಿ ಸಡಿಲ ಇತ್ತು" ಎಂದ. ಏಣಿಯ ಸದ್ದಾಯಿತು. ಅವನು ಮೇಲೆ ಹತ್ತಿ ಏನೂ ಮಾಡದೆ ಇಳಿದ ಎಂದು ನನಗೆ ಗೊತ್ತು, ಹತ್ತುವಷ್ಟರಲ್ಲೇ ಇಳಿದಿದ್ದ. ಯೊವಾನಾ ನನ್ನ ಬೆರಳು ಹಿಡಿದು ಮತ್ತೆ ಒತ್ತಿಸಿದಳು, ಅಂಗೈಯನ್ನು ಜೋರಾಗಿ ಅದುಮಿದಳು. ನಾನು ತಲೆ ಎತ್ತಿ, "ಹಾಂ! ಈಗ ಬಂತು ನೋಡು!" ಎಂದೆ.

ಚಪ್ಪಾಳೆ. ಬ್ಯಾಂಡ್. ದೋನ್ಯಾ ನಿಯೆವೆಸ್ ನನ್ನ ಕೊರಳಿಗೆ ಬಿದ್ದು ಅತ್ತಳು. ಪಾಸ್ಕ್ವಾಲಾ ಕೂಡ "ಏನ್ ಹದ್ದಿನ ಕಣ್ಣು ನಿಮ್ದು" ಎಂದಳು. ಪಾದ್ರಿನೊ ಜೊತೆ ದೀಪದ ಕೆಳಗೆ ಕುಣಿದೆ. ಮೇಲೆ ಮಣಿಗಳು ಚಿಣ್ ಎನ್ನುತ್ತಿದ್ದವು. ನಾನು ಬೇಕೆಂದು ಕೇಳಿದ ಬೆಳಕೆಲ್ಲ ತಲೆಯ ಮೇಲೆ ಸುರಿಯುತ್ತಿತ್ತು, ನನಗೆ ಬೆವರಿನ ವಾಸನೆ ಮತ್ತು ಬಿಯರಿನ ನೊರೆ ಮಾತ್ರ.

ಎಲ್ಲರೂ ಹೋದಮೇಲೆ ಅವಳು ನನ್ನ ಟೋಪಿ ತೆಗೆದು, ಶಾಲಿನ ಪಿನ್ನು ಬಿಡಿಸುತ್ತಿದ್ದಳು. ಕೇಳಿದೆ.

"ಯೊವಾನಾ, ದೀಪ ಹಾಲ್‌ಗೆ ಒಪ್ಪುತ್ತಾ?"

"ತುಂಬಾ ಚೆನ್ನಾಗಿದೆ ಅತ್ತೆ."

"ನಿಜ ಹೇಳೇ. ಆ ನೀಲಿ ಬೆಳಕು ಕಿತ್ತಳೆ ಮೇಲೆ ಬಿದ್ರೆ ಹೇಗ್ ಕಾಣುತ್ತೆ?"

"ನಿಜವಾಗ್ಲೂ ಚೆನ್ನಾಗಿದೆ. ನೀವ್ ಆರಿಸಿದ್ದೇ ಸರಿ. ನಂಗೇ ಗೊತ್ತಾಗಿರ್ಲಿಲ್ಲ."

ನನ್ನ ಅಡುಗೆಯಿಂದ ಹಿಡಿದು ನನ್ನ ಸೊಕ್ಕಿನ ತನಕ ಒಂದನ್ನೂ ಒಳ್ಳೆಯದೆಂದವಳಲ್ಲ ಇವಳು. ದನಿ ನಡುಗುತ್ತಿತ್ತು. ಅಳುತ್ತಿದ್ದೀಯಾ ಎಂದು ಕೇಳಿದ್ದಕ್ಕೆ ನೆಗಡಿ ಎಂದಳು. ಬೈದಾದರೂ ನಿಜ ಹೇಳು, ನೀನೊಬ್ಬಳಾದರೂ ಹೇಳು ಎಂದು ಕೈಹಿಡಿದು ಗೋಗರೆಯಬೇಕೆನಿಸಿತು. ಅದರ ಬದಲು ಗದ್ದ ಎತ್ತಿ, ಪಿನ್ನು ಬಿಡಿಸಲು ಕೊರಳು ಕೊಟ್ಟೆ.